ಬಂದವರ ನೀರು

ನಿವೃತ್ತಳಾಗಿ ಇಂಡಿಯಲ್ಲಿ ಮನೆ ಮಾಡಿದ ಹೊಸದರಲ್ಲಿ ಪಕ್ಕದ ಮನೆಯ ಗಂಗಾಬಾಯಿ ಕಟ್ಟೆಯ ಮೇಲೆ ಕೂತು ನನ್ನನ್ನು ವಿಚಾರಿಸಿಕೊಂಡಳು.

"ಬಾಯಾರ, ನೌಕರಿಯಾಗ ಏನ್ ಮಾಡತಿದ್ರಿ ನೀವು?"

"ಯುರೇನಿಯಂ ಅಳೀತಿದ್ದೆ."

"ಅಯ್ಯ ನಮ್ಮವ್ವ! ಬಾಂಬ್ ಮಾಡೂದೇನ್ರಿ?"

"ಬಾಂಬ್ ಅಲ್ಲಬೇ, ಬಾವಿ ನೀರು."

ಆಕೆಗೆ ನಿರಾಸೆಯಾಯಿತು. ಬಾಂಬ್ ಆಗಿದ್ದರೆ ಓಣಿಗೆಲ್ಲ ಹೇಳಿಕೊಂಡು ಬರಬಹುದಿತ್ತು. "ಬಾವಿ ನೀರ ಅಳ್ಯಾಕ ಅಷ್ಟು ಸಾಲಿ ಕಲೀಬೇಕೇನ್ರಿ?" ಎಂದು ಕೇಳಿ ಎದ್ದು ಹೋದಳು. ಕಲಿಯಬೇಕು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಗಂಗಾಬಾಯಿಗಲ್ಲ, ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದು ನಿಮಗೆ ಬೇಕಾಗಿಲ್ಲ. ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬೇರೆ.

ಮೊದಲು ಹೆದರಿಕೆ ಬಿಡಿಸುತ್ತೇನೆ. ಯುರೇನಿಯಂ ಕಲ್ಲಿನಲ್ಲಿ ಇರುವ ವಸ್ತು. ಕಲ್ಲಿನ ಸಂದಿಯಲ್ಲಿ ನಿಂತ ನೀರಿಗೂ ಚೂರುಪಾರು ಇಳಿಯುತ್ತದೆ. ಅಷ್ಟಿದ್ದರೆ ಚಿಂತೆಯಿಲ್ಲ. ಹೆಚ್ಚಾಗಿ, ಅದೇ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಕ್ಕೆ ಕೆಟ್ಟದ್ದು. ನೀರಿನ ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಆದ್ದರಿಂದಲೇ ಅಳೆಯಬೇಕು.

ನೆಲದಲ್ಲಿ ಸಿಗುವ ಯುರೇನಿಯಂನಲ್ಲಿ ಮೂರು ಬಗೆಯ ಪರಮಾಣುಗಳಿವೆ. ಗುಣದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ, ತೂಕದಲ್ಲಿ ಬೇರೆ. ಆ ತೂಕವೇ ಅವುಗಳ ಹೆಸರು: 238, 235, 234. ಐಸೊಟೋಪ್ ಎಂದು ನೀವು ಓದಿರುತ್ತೀರಿ. ಸಿಂಹಪಾಲು 238ರದು, 235 ಸ್ವಲ್ಪ, 234 ಇದೆಯೋ ಇಲ್ಲವೋ ಎನ್ನುವಷ್ಟು. ಒಂದು ಸೀಸೆ ನೀರಿನಲ್ಲಿ ಒಟ್ಟು ಯುರೇನಿಯಂ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಇದ್ದದ್ದರಲ್ಲಿ ಯಾವುದರ ಪಾಲು ಎಷ್ಟು ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಯೇ ನನ್ನ ಹೊಟ್ಟೆಪಾಡು.

ಪಾಲು ಅಳೆಯುವ ಯಂತ್ರ ಒಂದು ಕೋಣೆ ತುಂಬುವಷ್ಟು ದೊಡ್ಡದು, ಅಷ್ಟೇ ಚಂಚಲ. ಬೆಳಿಗ್ಗೆ ಒಂದು ಹೇಳುತ್ತದೆ, ಊಟವಾದ ಮೇಲೆ ಇನ್ನೊಂದು. ಅದನ್ನು ಹದ್ದುಬಸ್ತಿನಲ್ಲಿಡಲು ಸ್ಟ್ಯಾಂಡರ್ಡ್ ಬೇಕು. ಸ್ಟ್ಯಾಂಡರ್ಡ್ ಎಂದರೆ, ಇದರಲ್ಲಿ ಪಾಲು ಇಂತಿಷ್ಟೇ ಎಂದು ಬಲ್ಲವರು ಅಳೆದು, ಖಾತ್ರಿಪತ್ರದ ಜೊತೆ ಗಾಜಿನ ಕುಪ್ಪಿಯಲ್ಲಿ ಮುಚ್ಚಿ ಕಳಿಸಿದ ಯುರೇನಿಯಂ ದ್ರಾವಣ. ಸಂತೆಯಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದರೆ ಮುದ್ರೆ ಒತ್ತಿದ ತೂಕದ ಕಲ್ಲು ಕೇಳುವುದಿಲ್ಲವೇ, ಹಾಗೆ. ಮೊದಲು ಸ್ಟ್ಯಾಂಡರ್ಡ್, ಆಮೇಲೆ ನಿಮ್ಮ ನೀರು, ಮತ್ತೆ ಸ್ಟ್ಯಾಂಡರ್ಡ್. ಎರಡು ಬದಿಯ ಸ್ಟ್ಯಾಂಡರ್ಡೂ ತನ್ನ ಜಾಗದಲ್ಲಿದ್ದರೆ ನಡುವಿನ ನೀರಿನ ಮಾತು ನಂಬಬಹುದು. ಇಲ್ಲದಿದ್ದರೆ ಇಡೀ ದಿನದ ಕೆಲಸ ತಿಪ್ಪೆಗೆ. ಉಳಿದ ಹೊತ್ತೆಲ್ಲ ಸೀಸೆ ತೊಳೆಯುವುದು. ಆಮ್ಲದಲ್ಲಿ ತೊಳೆ, ನೀರಿನಲ್ಲಿ ತೊಳೆ, ಮತ್ತೆ ಆಮ್ಲದಲ್ಲಿ ತೊಳೆ. ಇದನ್ನು ಸೇರುವ ದಿನವೇ ತಿಳಿದುಕೊಂಡರೆ ಆಮೇಲೆ ಬೇಜಾರಾಗುವುದಿಲ್ಲ.

ನಮ್ಮ ಮೇಲಧಿಕಾರಿ ಬಿರಾದಾರ ಸರ್. ಸಿಂದಗಿ ಕಡೆಯವರು. ಎಷ್ಟು ಓದಿದರೂ ಎಷ್ಟು ದೇಶ ತಿರುಗಿದರೂ ಅವರ ಮಾತು ಸಿಂದಗಿ ದಾಟಲಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಬಂದ ಸಹೋದ್ಯೋಗಿಗಳು, ಅವರು ಚಹಾ ಕುಡಿಯಲು ಕರೆದರೂ ಬೈಯುತ್ತಿದ್ದಾರೆಂದು ತಿಳಿಯುತ್ತಿದ್ದರು. ಎಷ್ಟೋ ಸಲ ಬೈಯುತ್ತಲೂ ಇರುತ್ತಿದ್ದರು. ನಾನು ಅದೇ ಸೀಮೆಯ ಹೊರ್ತಿಯವಳು, ನನಗೆ ಅದು ಮನೆಯ ಮಾತು. ಬೈದರೆ ತಿರುಗಿ ಬೈಯುತ್ತಿದ್ದೆ. ಬಹುಶಃ ಅದಕ್ಕೇ ಅಷ್ಟು ವರ್ಷ ಒಟ್ಟಿಗೆ ಬಾಳಿದೆವು.

ಒಂದು ಬೇಸಿಗೆಯಲ್ಲಿ, ನಾವು ದಿನಬಳಕೆಗೆ ಇಟ್ಟುಕೊಂಡಿದ್ದ ಸ್ಟ್ಯಾಂಡರ್ಡಿನ ಸೀಸೆ ಒಮ್ಮಿಂದೊಮ್ಮೆಲೇ ಹೆಚ್ಚು ಯುರೇನಿಯಂ ತೋರಿಸತೊಡಗಿತು. ಎಲ್ಲರೂ ಯಂತ್ರದ ಮೇಲೆ ಬಿದ್ದರು. ಪಂಪು ಬಿಚ್ಚಿದರು, ಕೊಳವೆ ತೊಳೆದರು, ಎಂಜಿನಿಯರಿಗೆ ಫೋನು ಮಾಡಿದರು. ಬಿರಾದಾರ ಸರ್ ಬಂದು ಅಂಕಿಗಳನ್ನು ನೋಡಿ ನಕ್ಕುಬಿಟ್ಟರು.

"ಪಾಲು ಕದಲೇತೇನು? ಇಲ್ಲ. ಅಂದ್ರ ಮಿಷಿನ್ ಶಾಣ್ಯಾ ಐತಿ, ನಾವು ದಡ್ಡರ ಅದೇವಿ. ಮುಚ್ಚಳ ಯಾರ ಸಡ್ಲ ಬಿಟ್ಟೀರಿ ನೋಡ್ರಿ. ನೀರ ಆರಿ ಹೋದ್ರ ಮೂರೂ ಕೂಡೇ ಗಟ್ಟಿ ಆಗತಾವ, ಪಾಲು ಹಂಗ ಇರತೈತಿ."

ಮುಚ್ಚಳ ನೋಡಿದರೆ ನಿಜವಾಗಿಯೂ ಸಡಿಲವಿತ್ತು. ಆ ದಿನ ಅವರು ಇನ್ನೊಂದು ಮಾತು ಹೇಳಿದರು. "ಎಷ್ಟೈತಿ ಅನ್ನೂದು ಯಾವಾಗ ಬೇಕಾದ್ರೂ ಮೋಸ ಮಾಡತೈತಿ. ಪಾಲು ಅಷ್ಟು ಲಗೂನ ಮೋಸ ಮಾಡೂದಿಲ್ಲ. ಎರಡರ ನಡುವ ಜಗಳ ಬಿದ್ರ ಪಾಲಿನ ಮಾತ ಕೇಳ್ರಿ." ನನಗೆ ಈ ಕಸುಬಿನಲ್ಲಿ ಯಾರೂ ಇದಕ್ಕಿಂತ ಒಳ್ಳೆಯ ಪಾಠ ಹೇಳಿಲ್ಲ.

ಹಾಗೆಂದು ಪಾಲು ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ನಾವು ಓದುವಾಗ, ಭೂಮಿಯ ಮೇಲೆ ಎಲ್ಲಿಂದ ತೆಗೆದ ಯುರೇನಿಯಂ ಆದರೂ ಒಂದು 235ಕ್ಕೆ 137.88ರಷ್ಟು 238 ಇರುತ್ತದೆ ಎಂದು ಕಲಿಸಿದ್ದರು. ಎಲ್ಲರಿಗೂ ಬಾಯಿಪಾಠ. ಬಿರಾದಾರ ಸರ್ ಆ ಅಂಕಿಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು, ಸುತ್ತ ಚೌಕ ಹಾಕಿ, ಯಾರೂ ಅಳಿಸಕೂಡದೆಂದು ಅಪ್ಪಣೆ ಮಾಡಿದ್ದರು. ಯಂತ್ರಗಳು ಸೂಕ್ಷ್ಮವಾಗುತ್ತ ಹೋದಂತೆ ಹೊರದೇಶಗಳಿಂದ ಸುದ್ದಿ ಬರತೊಡಗಿತು: ಸಮುದ್ರದ ನೀರಿನಲ್ಲಿ ಒಂದು, ಕಪ್ಪು ಜೇಡಿಕಲ್ಲಿನಲ್ಲಿ ಇನ್ನೊಂದು, ಪಾಲು ಎಲ್ಲ ಕಡೆ ಒಂದೇ ಅಲ್ಲ. "ಅವರಿಗೆ ಸೀಸೆ ತೊಳ್ಯಾಕ ಬರೂದಿಲ್ಲ" ಎಂದು ಸರ್ ತಳ್ಳಿಹಾಕಿದರು. ಕೊನೆಗೆ ನಾವೇ ಅಳೆದೆವು. ಸ್ಟ್ಯಾಂಡರ್ಡ್ ತನ್ನ ಜಾಗದಲ್ಲೇ ಕೂತಿತ್ತು, ಕಲ್ಲುಗಳು ಕೂತಿರಲಿಲ್ಲ. ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲು ಆಚೀಚೆ, ಆದರೆ ಇದ್ದದ್ದು ಇತ್ತು. ಸರ್ ಕೆಲವು ದಿನ ಸೀಸೆಗಳನ್ನೆಲ್ಲ ತಾವೇ ತೊಳೆದು ಮತ್ತೆ ಅಳೆದರು. ಆಮೇಲೆ ಒಂದು ಬೆಳಿಗ್ಗೆ ಬಂದವರೇ, ಒರೆಸುವ ಬಟ್ಟೆ ಕೈಗೆ ಸಿಗದೆ, ಅಂಗಿಯ ತೋಳಿನಿಂದ ಆ ಚೌಕವನ್ನು ಒರೆಸಿದರು. ಆ ದಿನ ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು.

ಹೀಗೇಕೆ ಆಗುತ್ತದೆ ಎಂದರೆ, ನೀರಿನಲ್ಲಿರುವ ಯುರೇನಿಯಂ ಮಣ್ಣಿಗೋ ಕಿಲುಬಿಗೋ ಅಂಟಿಕೊಳ್ಳುವಾಗ ಹಗುರಾದ 235 ಕೂದಲೆಳೆಯಷ್ಟು ಮುಂದಾಗಿ ಅಂಟಿಕೊಳ್ಳುತ್ತದೆ. ಹೆಚ್ಚು ಅಂಟಿ ಹೋದಷ್ಟೂ ನೀರಿನಲ್ಲಿ ಉಳಿದದ್ದು ಭಾರದ ಕಡೆ ವಾಲುತ್ತದೆ. ಇದನ್ನು ನೋಡುವುದು ಹಳೆಯ ವಿಧಾನದಲ್ಲಿ ಆಗದ ಮಾತು. ಆಗ ಒಂದು ಹನಿಯನ್ನು ತೆಳ್ಳನೆಯ ಲೋಹದ ತಂತಿಯ ಮೇಲೆ ಒಣಗಿಸಿ, ತಂತಿ ಕಾಯಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಆಮೇಲೆ ದ್ರಾವಣವನ್ನೇ ನೇರವಾಗಿ ಉರಿಗೆ ಊದುವ ಯಂತ್ರ ಬಂತು. ಬಾವಿಯ ನೀರಿನಲ್ಲಿ ಎಣಿಕೆಗೆ ಸಿಗದ, ಕೃತಕವಾಗಿ ತಯಾರಿಸಿದ 233 ಮತ್ತು 236 ಎಂಬ ಇನ್ನೆರಡು ಬಗೆಯನ್ನು ನಾವೇ ಅಳತೆ ಮಾಡಿ ಬೆರೆಸಿ, ಯಂತ್ರದ ಚಾಂಚಲ್ಯವನ್ನು ಅವುಗಳಿಂದಲೇ ತಿದ್ದುವ ವಿಧಾನ ಕಲಿತೆವು. ಆಗ ಕೂದಲೆಳೆಯೂ ಕಾಣತೊಡಗಿತು.

ನಮ್ಮ ಸೀಮೆಯ ಬಾವಿಗಳ ಕೆಲಸ ಬಂದದ್ದು ಅದೇ ಹೊತ್ತಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು. ಕೆಲಸಕ್ಕೆ ನಮ್ಮ ಕಡೆಯವರನ್ನೇ ಹಾಕಿದರು. ಬಿರಾದಾರ ಸರ್, ನಾನು, ಮತ್ತೆ ಕರಾರಿನ ಮೇಲೆ ಹೊಸದಾಗಿ ಸೇರಿದ್ದ ಮುಮ್ತಾಜ್. ಮುದ್ದೇಬಿಹಾಳದ ಬಟ್ಟೆ ಅಂಗಡಿಯವರ ಮಗಳು, ಮೆಲ್ಲಗೆ ಮಾತಾಡುವವಳು, ಸೀಸೆ ತೊಳೆಯುವುದರಲ್ಲಿ ನನ್ನನ್ನೂ ಮೀರಿಸಿದವಳು. ಆಕೆಯ ಕರಾರಿಗೆ ವರ್ಷ ವರ್ಷ ಸಹಿ ಬೀಳಬೇಕು; ಸಹಿ ಹಾಕುವವರು ಬಿರಾದಾರ ಸರ್.

ಬಾವಿ ತಿರುಗುವುದು ಪ್ರಯೋಗಾಲಯದ ಕೆಲಸಕ್ಕಿಂತ ಮೋಜಿನದು. ಹೊರ್ತಿಯಲ್ಲಿ ನೀರಿನ ಸೀಸೆಗಳ ಜೊತೆ ನಿಂಬೆಹಣ್ಣಿನ ಚೀಲವೂ ಜೀಪಿಗೆ ಬೀಳುತ್ತಿತ್ತು. ಹಲಸಂಗಿಯಲ್ಲಿ ಒಬ್ಬ ಹಿರಿಯರು ನಮ್ಮ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಇಷ್ಟ ನೀರಾಗ ನಿಮಗ ಏನ್ ಸಿಗತೈತಿ? ಇನ್ನಷ್ಟ ಒಯ್ಯಿರಿ, ನಾವೇನ್ ಬ್ಯಾಡಂತೇವೇನು" ಎಂದು ಬಕೆಟ್ಟೇ ತಂದಿಟ್ಟರು. ಬೇಡವೆಂದರೆ ಅವರಿಗೆ ಬೇಜಾರಾದೀತೆಂದು ಅದನ್ನೂ ಹೊತ್ತು ತಂದೆವು.

ಹೂವಿನ ಹಿಪ್ಪರಗಿ ದಾಟಿ ಒಳಗೆ ಹೋದರೆ ಹೊಲದ ನಡುವೆ ಒಂದು ವಸ್ತಿ ಮನೆ. ಊರಿನ ಹೆಸರು ಬೇಡ. ಮನೆಯೊಡತಿ ನೀಲವ್ವ, ಆಕೆಯ ಮಗ, ಬಸುರಿ ಸೊಸೆ ರೇಣುಕಾ. ಹಳೆಯ ಬಾವಿಯ ತಳದಲ್ಲಿ ಬೋರು ಕೊರೆಸಿ ಅದರ ನೀರನ್ನೇ ಕುಡಿಯುತ್ತಿದ್ದರು. ಆ ಕಡೆಯ ಸುತ್ತಿಗೆ ಬಿರಾದಾರ ಸರ್ ಡ್ರೈವರನ ಜೊತೆ ತಾವೇ ಹೋದರು. ಹಳ್ಳಿ ಮಂದಿಯ ಜೊತೆ ಹೇಗೆ ಮಾತಾಡಬೇಕೆಂದು ನಮಗಿಬ್ಬರಿಗೂ ಗೊತ್ತಿಲ್ಲವಂತೆ. ವಾಪಸು ಬಂದು ಆ ಮನೆಯ ಸೀಸೆಯನ್ನು ನಮ್ಮ ಮುಂದೆ ಹಿಡಿದರು. "ನೋಡ್ರಿ, ಹೆಂಗೈತಿ! ಸೋಸೂ ಗರಜ ಇಲ್ಲ." ನಿಜ, ನೀರು ಕನ್ನಡಿಯಂತಿತ್ತು. ಅಳೆದಾಗ ಯುರೇನಿಯಂ ಕುಡಿಯುವ ನೀರಿಗೆ ಹಾಕಿದ ಮಿತಿಗಿಂತ ಬಹಳ ಕಡಿಮೆ. ಸರ್ ಆಗಲೇ ನೀಲವ್ವನ ಮಗನಿಗೆ ಫೋನು ಮಾಡಿದರು. "ಅವ್ವಗ ಹೇಳಪಾ, ನೀರ ಅಮೃತ ಐತಿ. ನಿಶ್ಚಿಂತಿ ಕುಡೀರಿ."

ಬೇಸಿಗೆಯಲ್ಲಿ ಎಲ್ಲ ಬಾವಿಗಳನ್ನೂ ಇನ್ನೊಮ್ಮೆ ನೋಡುವ ಕ್ರಮ. ಈ ಸಲ ಮುಮ್ತಾಜ್ ಹೋದಳು. ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಹೊಲದಲ್ಲಿದ್ದರು. ಪಂಪು ನಡೆದಿತ್ತು. ಕೂಗಿ ಒಪ್ಪಿಗೆ ಕೇಳಿ, ಪೈಪಿಗೆ ಹಿಡಿದು, ನಮ್ಮ ಸೋಸುಗಾಗದದಲ್ಲಿ ಸೋಸಿ ಸೀಸೆ ತುಂಬಿಕೊಂಡು ಬಂದಳು. ಅಳೆದರೆ ಯುರೇನಿಯಂ ಮೊದಲಿನದರ ಹಲವು ಪಟ್ಟು. ಮಿತಿಯನ್ನು ದಾಟಿ ಎಷ್ಟೋ ಮೇಲೆ.

ಬಿರಾದಾರ ಸರ್ ಅಂಕಿ ನೋಡಿ ಕೆಂಡವಾದರು.

"ಏನವಾ ಇದು? ಸ್ಟ್ಯಾಂಡರ್ಡ್ ಹನಿ ಬೀಳಿಸೀಯೇನು ಸೀಸೆಯಾಗ?"

"ಇಲ್ರಿ ಸರ್."

"ಇಲ್ಲ ಅಂದ್ರ ಹೆಂಗ? ಯುರೇನಿಯಂ ಇರೂ ಕ್ವಾಣ್ಯಾಗ ಕೆಲಸ ಮಾಡ್ತಿ. ಒಂದ ಹನಿ ಸಿಡದ್ರ ಸಾಕು, ಬಾವಿ ಹೆಸರ ಕೆಡತೈತಿ. ನಾ ಸ್ವಂತ ಕೈಲೆ ತಂದೇನಿ ಆ ನೀರ. ನಾ ಅವರಿಗೆ ಕುಡೀರಿ ಅಂತ ಹೇಳೇನಿ!"

"ನಾನೂ ಸ್ವಂತ ಕೈಲೆ ತಂದೇನ್ರಿ ಸರ್," ಎಂದಳು ಮುಮ್ತಾಜ್. ಕಣ್ಣು ಕೆಳಗೆ ಹಾಕಲಿಲ್ಲ.

"ಇಂಥಾ ಕೆಲಸಕ್ಕ ನಾ ಸಹಿ ಹಾಕೂದಿಲ್ಲ" ಎಂದು ಹೇಳಿ ಅವರು ಬಾಗಿಲು ಬಡಿದುಕೊಂಡು ಹೋದರು.

ನನಗೆ ಹುಡುಗಿಯ ಕೆಲಸದ ಚಿಂತೆ ಇತ್ತು. ಅದಕ್ಕಿಂತ ದೊಡ್ಡ ಚಿಂತೆ ಆ ಮನೆಯದು. ಸರ್ ಸರಿಯಾಗಿದ್ದರೆ ಒಂದು ಒಳ್ಳೆಯ ಬಾವಿಯನ್ನು ಸುಮ್ಮನೆ ಬಿಡಿಸಿದಂತಾಗುತ್ತದೆ. ಮುಮ್ತಾಜ್ ಸರಿಯಾಗಿದ್ದರೆ, ನಾವು ಅಮೃತ ಎಂದು ಹೇಳಿದ ನೀರನ್ನು ಒಬ್ಬ ಬಸುರಿ ದಿನಾ ಕುಡಿಯುತ್ತಿದ್ದಾಳೆ. ಎರಡರಲ್ಲಿ ಯಾವುದು ಎಂದು ಹೇಳದೆ ನಾವು ಊಟ ಮಾಡುವುದು ಹೇಗೆ? "ಅಳಬ್ಯಾಡ. ಸರ್ ಕಲಿಸಿದ್ದನ್ನ ಮಾಡೂಣು. ಪಾಲು ನೋಡೂಣು" ಎಂದೆ.

ಎರಡೂ ಸೀಸೆಯಲ್ಲಿ ಉಳಿದಿದ್ದ ನೀರನ್ನು ಮತ್ತೆ ಯಂತ್ರಕ್ಕೆ ಹಾಕಿದೆವು. ಮೊದಲು 234 ಮತ್ತು 238ರ ಪಾಲು. ಕಲ್ಲಿನೊಳಗೆ 238 ಒಡೆದು 234 ಹುಟ್ಟುವಾಗ ಆ ಜಾಗ ಸಡಿಲವಾಗುತ್ತದೆ. ಹೀಗಾಗಿ 234 ಬೇಗ ನೀರಿಗೆ ಇಳಿಯುತ್ತದೆ, ಬಾವಿಯ ನೀರಿನಲ್ಲಿ ಅದು ಹೆಚ್ಚಿರುತ್ತದೆ. ಎಷ್ಟು ಹೆಚ್ಚು ಎಂಬುದು ಬಾವಿಯಿಂದ ಬಾವಿಗೆ ಬೇರೆ. ನಮ್ಮ ಸ್ಟ್ಯಾಂಡರ್ಡಿನಲ್ಲಿ ಅದು ಹೆಚ್ಚಿಲ್ಲ. ಸ್ಟ್ಯಾಂಡರ್ಡಿನ ಹನಿ ಸಿಡಿದಿದ್ದರೆ ಮುಮ್ತಾಜಳ ಸೀಸೆಯಲ್ಲಿ 234ರ ಪಾಲು ತಗ್ಗಲೇಬೇಕಿತ್ತು. ತಗ್ಗಿರಲಿಲ್ಲ. ಎರಡೂ ಸೀಸೆಯಲ್ಲಿ ಒಂದೇ ಪಾಲು, ಒಡಹುಟ್ಟಿದವರ ಮುಖದಂತೆ. ಒಂದೇ ಬಾವಿ, ಒಂದೇ ನೀರು, ಹನಿ ಸಿಡಿದಿಲ್ಲ.

ಹಾಗಾದರೆ ಮೊದಲ ಸೀಸೆಯ ಯುರೇನಿಯಂ ಎಲ್ಲಿ ಹೋಯಿತು? ಆಗ 235ರ ಕಡೆ ತಿರುಗಿದೆವು. ಸರ್ ತಂದ ಸೀಸೆಯಲ್ಲಿ ಪಾಲು ಭಾರದ ಕಡೆ ವಾಲಿತ್ತು. ಕೂದಲೆಳೆಯಷ್ಟೇ, ಆದರೆ ಎಷ್ಟು ಸಲ ಅಳೆದರೂ ಅಷ್ಟೇ, ಎರಡು ಬದಿಯ ಸ್ಟ್ಯಾಂಡರ್ಡೂ ನೆಟ್ಟಗೆ. ಬಾವಿಯಿಂದ ಸೀಸೆಗೆ ಬರುವ ದಾರಿಯಲ್ಲಿ ಯುರೇನಿಯಂ ಯಾವುದಕ್ಕೋ ಅಂಟಿ ಹೋಗಿದೆ ಎಂದು ಅದು ಹೇಳುತ್ತಿತ್ತು. ಯಾವುದಕ್ಕೆ ಎಂದು ನಮಗೆ ಹೊಳೆಯಲಿಲ್ಲ. ಆ ನೀರಿಗೆ ಹೊರಗಿನದು ಏನಾದರೂ ಬೆರೆತಿದೆಯೇ ಎಂದು ಇಂಥಿಂಥ ಧಾತು ಯಾಕೆ ಅಳೆದು ನೋಡಲಿಲ್ಲ ಎಂದು ಈಗಿನವರು ಕೇಳುತ್ತಾರೆ. ಏನು ಹುಡುಕಬೇಕೆಂದು ಗೊತ್ತಿದ್ದವರಿಗೆ ಹುಡುಕುವುದು ಸುಲಭ.

ಅಂಕಿಗಳನ್ನು ಮುಮ್ತಾಜಳೇ ತೆಗೆದುಕೊಂಡು ಹೋಗಿ ಸರ್ ಮುಂದೆ ಇಟ್ಟಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಎಷ್ಟೈತಿ ಅನ್ನೂದಕ್ಕೂ ಪಾಲಿಗೂ ಜಗಳ ಬಿದ್ರ ಪಾಲಿನ ಮಾತ ಕೇಳ್ರಿ ಅಂತ ನೀವ ಹೇಳೀರಂತಲ್ರಿ ಸರ್" ಎಂದಳು.

ಅವರು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಜೀಪ ತಗಿ ಅನ್ರಿ" ಎಂದರು. ಮೂವರೂ ಹೊರಟೆವು. ಬಾಗೇವಾಡಿಯಲ್ಲಿ ಚಹಾಕ್ಕೂ ಇಳಿಯಲಿಲ್ಲ.

ವಸ್ತಿಯಲ್ಲಿ ಪಂಪು ನಡೆದಿತ್ತು. ಪೈಪಿನ ನೀರು ಸುಣ್ಣ ಕಲಸಿದ ಹಾಗೆ ಮಬ್ಬಾಗಿತ್ತು. ಸರ್ ಅದನ್ನು ನೋಡಲಿಲ್ಲ, ನೆಟ್ಟಗೆ ಬಾಗಿಲಿಗೆ ಹೋಗಿ ನಮ್ಮ ಕಡೆಯ ರೀತಿಯಂತೆ ಕೂಗಿದರು. "ಯವ್ವಾ, ಅದೀರೇನ್? ಕುಡಿಯಾಕ ನೀರ ಕೊಡ್ರಿ."

"ಬರ್ರಿ ಸಾಹೇಬ್ರ, ಬರ್ರಿ ಬಾಯಾರ," ಎನ್ನುತ್ತ ನೀಲವ್ವ ಹೊರಬಂದಳು. ಹಿಂದೆ ರೇಣುಕಾ ತಾಟಿನಲ್ಲಿ ಬೆಲ್ಲದ ಹಳ್ಳು, ತಂಬಿಗೆಗಳಲ್ಲಿ ನೀರು ತಂದಿಟ್ಟಳು. ತಂಬಿಗೆಯ ತಳ ನಿಚ್ಚಳವಾಗಿ ಕಾಣುತ್ತಿತ್ತು. ಮುಮ್ತಾಜ್ ನನ್ನನ್ನು ನೋಡಿದಳು, ನಾನು ಆಕೆಯನ್ನು.

"ಯವ್ವಾ, ಈ ನೀರ ಎಲ್ಲೀದು?" ಎಂದು ಕೇಳಿದೆ.

"ನಮ್ಮ ಬಾವೀದ ರೀ."

"ಒಳಗ ಬರಲೇನ್ರಿ?"

ರೇಣುಕಾ ತಾಟು, ತಂಬಿಗೆಗಳನ್ನೂ ನಮ್ಮ ಹಿಂದೆಯೇ ಒಳಗೆ ತಂದಳು. ಅಡುಗೆಮನೆಯಲ್ಲಿ ಮೂಲೆಗೆ ಒಂದು ದೊಡ್ಡ ಮಣ್ಣಿನ ಹರವಿ. ಪಕ್ಕದ ಹಲಗೆಯ ಮೇಲೆ ಬೆಳಗಿದ ತಾಮ್ರದ ಕೊಡ, ಬಾಯಿಗೆ ಬಿಳಿ ಬಟ್ಟೆ. ಅದರ ಹತ್ತಿರ ಒಂದು ಬಟ್ಟಲಲ್ಲಿ, ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಉಜ್ಜುತ್ತಾರಲ್ಲ, ಆ ಪಟಿಕದ ಕಲ್ಲು. ಬಳಸಿ ಬಳಸಿ ನುಣ್ಣಗಾಗಿತ್ತು.

"ಇದ್ಯಾಕ ಯವ್ವಾ?"

"ನಮ್ಮ ನೀರ ಮಬ್ಬ ಬರತೈತ್ರಿ. ಬಂದವರ ಮುಂದ ಹಂಗ ಇಡಾಕ ಬರತೈತೇನು? ಪಟಿಕ ತಿರಗಿಸಿ ಇಟ್ಟು, ಕೆಳಗ ಕುಂತದ್ದ ಬಿಟ್ಟು, ಮ್ಯಾಲಿನ ತಿಳಿ ಸೋಸಿ ಇದರಾಗ ತುಂಬತೇನಿ. ಇದು ಬಂದವರ ಕೊಡ ರೀ."

"ಮತ್ತ ಆ ಹರವಿ?"

"ಅದು ನಮ್ದು. ಮನಿ ಮಂದಿಗಿ ಯಾಕ ಬೇಕ್ರಿ ಪಟಿಕ? ನಡೀತೈತಿ."

"ಸಾಹೇಬ್ರು ಮೊದಲ ಬಂದಾಗ ಸೀಸೆಗೆ ಯಾವ ನೀರ ಕೊಟ್ರಿ?"

"ಬಂದವರದ ಕೊಟ್ಟೆ. ನೀವು ಕುಡಿಯೂ ನೀರ ಕೊಡ್ರಿ ಅಂದ್ರು. ಅಷ್ಟು ದೂರಿಂದ ಬಂದವರಿಗೆ ಹರವಿ ನೀರ ಕೊಡಲೇನ್ರಿ?"

ಪಟಿಕ ಹಾಕಿದರೆ ನೀರಿನ ಮಬ್ಬು ಮೋಡದಂತೆ ಕೂಡಿ ತಳಕ್ಕೆ ಇಳಿಯುತ್ತದೆ. ಇಳಿಯುವಾಗ ಯುರೇನಿಯಂ ಅದಕ್ಕೆ ಅಂಟಿಕೊಂಡು ಹೋಗುತ್ತದೆ. ಎಲ್ಲವೂ ಅಲ್ಲ, ಬಹುಪಾಲು. ಹೀಗಾಗಿ ಅದೇ ಮದ್ದು ಎಂದು ಯಾರೂ ತಿಳಿಯಬೇಡಿ. ಸರ್ ಅವರ ಸೀಸೆಗೆ ಬಂದದ್ದು ಉಳಿದ ನೀರು. "ನೀವು ಕುಡಿಯೂ ನೀರು" ಎಂದು ನಮ್ಮ ಸೀಮೆಯವನು ನಮ್ಮ ಸೀಮೆಯ ಬಾಗಿಲಲ್ಲಿ ನಿಂತು ಕೇಳಿದ. ಬಾಯಾರಿ ಬಂದ ಅತಿಥಿ ಕೇಳುತ್ತಿದ್ದಾನೆಂದು ತಿಳಿದ ಆಕೆಗೆ ಕೇಳಿಸಿದ್ದು "ನಾನು ಕುಡಿಯುವ ನೀರು" ಎಂದು. ಬೇರೆ ಕಡೆಯವನಾಗಿದ್ದರೆ ಯಾರಿಗೂ ಏನೂ ಹೇಳದೆ ಪೈಪಿಗೆ ಸೀಸೆ ಹಿಡಿದು ಹೋಗುತ್ತಿದ್ದ.

ಬಿರಾದಾರ ಸರ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅಲ್ಲೇ ನೆಲದ ಮೇಲೆ ಕೂತರು.

"ಯವ್ವಾ, ನಾ ನಿಮಗ ತಪ್ಪ ಹೇಳಿದೆ. ನಿಮ್ಮ ಬಾವಿ ನೀರ ಕುಡಿಯಾಕ ಬರೂದಿಲ್ಲ. ಈ ಹುಡುಗಿ ಹೇಳಿದ್ದ ಖರೇ. ಇವತ್ತಿನಿಂದ ಹರವಿ ನೀರ ಬಂದ್ ಮಾಡ್ರಿ."

ಆಮೇಲೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಊರೊಳಗಿನ ನಳದಲ್ಲಿ ಹೊಳೆಯ ನೀರು ಬರುತ್ತಿತ್ತು. ಆ ಸಂಜೆಯಿಂದಲೇ ನೀಲವ್ವನ ಮಗ ಗಾಡಿಯ ಮೇಲೆ ಅಲ್ಲಿಂದ ತರತೊಡಗಿದ. ಬಾವಿ ಹೊಲಕ್ಕೆ ಉಳಿಯಿತು. ಮನೆಯ ಮೂವರಿಗೂ ದವಾಖಾನೆಯಲ್ಲಿ ತಪಾಸಣೆಯಾಯಿತು, ಸದ್ಯ ಕೆಟ್ಟದ್ದೇನೂ ಕಾಣಲಿಲ್ಲ. ರೇಣುಕಾಗೆ ಹೆಣ್ಣುಮಗು ಆಯಿತು, ತಾಯಿ ಮಗು ಇಬ್ಬರೂ ಆರಾಮ. ಮುಮ್ತಾಜಳ ಕರಾರಿಗೆ ಸಹಿ ಬಿತ್ತು. ಈಗ ಆ ಯಂತ್ರ ಆಕೆಯ ಕೈಯಲ್ಲೇ ಇದೆ. ನಾವು ಬಾವಿಗಳಿಗೆ ಹೋದಾಗ ನೀರು ಕೇಳುವುದನ್ನು ಬಿಟ್ಟೆವು. ಮನೆಯವರು ತಾವು ಕುಡಿಯುವುದಕ್ಕೆ ದಿನಾ ಮುಳುಗಿಸುವ ತಂಬಿಗೆಯನ್ನು ನಮ್ಮ ಎದುರೇ ಮುಳುಗಿಸಿ ಎನ್ನತೊಡಗಿದೆವು.

ಆ ದಿನ ಅಡುಗೆಮನೆಯಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ, ಸಿಕ್ಕಿದ್ದು ನೀಲವ್ವ.

"ಏನ್ ಮಂದಿಬೇ ನೀವು! ದಾರಿಯಾಗ ಹೋಗವರಿಗೆ ತಿಳಿ ನೀರ, ಹೊಟ್ಟಿಲೆ ಇದ್ದ ಸೊಸಿಗಿ ಮಬ್ಬ ನೀರೇನು?"

ನೀಲವ್ವ ಗಾಬರಿಯಾದಳು. "ಹಂಗಲ್ರಿ ಬಾಯಾರ, ಬಂದ ಹೊಸದರಾಗ ಆಕಿಗೂ ಬಂದವರ ಕೊಡದಾಗಿಂದ ಕೊಡತಿದ್ದೆ. ಆಮ್ಯಾಲೆ ಮನಿಯಾಕಿ ಆದ್ಲಲ್ರಿ."

"ಹರವಿಯಾಗಿಂದ ಕುಡಿ ಅಂದ ದಿನ ನನಗ ಭಾಳ ಖುಷಿ ಆಗಿತ್ರಿ," ಎಂದಳು ರೇಣುಕಾ.

ಕೈಯಲ್ಲಿದ್ದ ಪಟಿಕವನ್ನು ಬಟ್ಟಲಿಗೆ ವಾಪಸು ಇಟ್ಟೆ.

ನೀಲವ್ವ ಹರವಿಯನ್ನೇ ನೋಡುತ್ತ ಕೂತಳು. "ಬಂದವರಿಗೆ ಏನೂ ಆಗೂದಿಲ್ಲಲ್ರಿ ಸಾಹೇಬ್ರ?" ಎಂದು ಕೇಳಿದಳು.

"ಇಲ್ಲ ಯವ್ವಾ. ಅವರಿಗೆ ನೀವು ಛಲೋ ನೀರ ಕೊಟ್ಟೀರಿ."

"ಅಷ್ಟಾತಲ್ಲ ಬಿಡ್ರಿ" ಎಂದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ರೇಣುಕಾ ಎದ್ದು ಬಂದವರ ಕೊಡದ ಬಟ್ಟೆ ಸರಿಸಿದಳು. ಒಂದು ತಂಬಿಗೆ ತುಂಬಿ, ತಾಟಿನಿಂದ ಬೆಲ್ಲದ ಹಳ್ಳು ತೆಗೆದು ಅತ್ತೆಯ ಅಂಗೈಯಲ್ಲಿಟ್ಟಳು. "ತಗೋರಿ ಅತ್ತಿ. ಇವತ್ತೊಂದಿನ ನೀವೂ ಬಂದವರ ಅಂತ ತಿಳಕೋರಿ."

ಬೇಡ ಬೇಡ ಎಂದು ನೀಲವ್ವ ಕೈ ಹಿಂದೆ ಎಳೆದುಕೊಂಡಳು, ಸೊಸೆ ಬಿಡಲಿಲ್ಲ. ಕೊನೆಗೆ ಬೆಲ್ಲ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ತಂಬಿಗೆಯೊಳಗೆ ಬಗ್ಗಿ ನೋಡಿ, ಇನ್ನೊಂದು ಗುಟುಕು ಕುಡಿದಳು.

"ಅಯ್ಯ, ಇದು ಒಗರ ಐತಲ್ಲೇ ರೇಣುಕಾ! ಇಷ್ಟು ವರ್ಷ ಬಂದವರಿಗೆಲ್ಲಾ ನಾ ಇಂಥಾ ನೀರ ಕೊಟ್ಟೆನೇನು? ಒಬ್ಬರರ ಬಾಯಿಬಿಟ್ಟ ಹೇಳಲಿಲ್ಲಲ್ಲ!"

ಸೆರಗು ಬಾಯಿಗೆ ಹಿಡಿದು ನೀಲವ್ವ ಅತ್ತುಬಿಟ್ಟಳು. ನಾವು ಮೂವರೂ ನಮ್ಮ ನಮ್ಮ ತಂಬಿಗೆ ಎತ್ತಿಕೊಂಡು, ತಳದ ತನಕ ಕುಡಿದೆವು.